ಮುಕ್ಕಾಲು ಗಂಟೆಯ ತಗಡು

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ, ಫೀನಿಕ್ಸ್ ನಗರದ ಹೊರಗೆ, ಒಂದು ಸುತ್ತಿಗೆ ಒಂದೇ ಮೈಲಿಯ ರೇಸ್ ಟ್ರ್ಯಾಕ್ ಇತ್ತು. 1971ರಲ್ಲಿ ಅಲ್ಲಿ ಒಂದು ಕಾರು ಮೂರು ದಿನ ಸುತ್ತಿತು. ಸುತ್ತಿದ್ದೇ ಬಂತು, ವೇಗ ಮಾತ್ರ ಏರಲಿಲ್ಲ. ಸ್ಟೀರಿಂಗ್ ಹಿಂದೆ ಕೂತಿದ್ದವನು ಬಾಬಿ ಅನ್ಸರ್, ಗೆದ್ದು ಹೆಸರು ಮಾಡಿದ್ದ ಚಾಲಕ. ಟ್ರ್ಯಾಕಿನ ಬದಿಯ ಪಿಟ್‌ನಲ್ಲಿ ನಿಂತು ಸ್ಟಾಪ್‌ವಾಚ್ ನೋಡುತ್ತಿದ್ದವನು ಕಾರಿನ ಒಡೆಯ ಡಾನ್ ಗರ್ನಿ. ಅದಕ್ಕೆ ಹಿಂದಿನ ವರ್ಷವಷ್ಟೇ ರೇಸಿನಿಂದ ನಿವೃತ್ತನಾಗಿದ್ದ ಆರಡಿ ನಾಲ್ಕಂಗುಲದ ಆಳು.

ಗರ್ನಿಗೆ ಕಾರೆಂದರೆ ಕೊಂಡು ಓಡಿಸುವ ವಸ್ತುವಾಗಿರಲಿಲ್ಲ, ಬೇಕಾದಂತೆ ಕತ್ತರಿಸಿ ಬೆಸೆಯುವ ವಸ್ತುವಾಗಿತ್ತು. ಅಪ್ಪ ಒಪೆರಾ ಗಾಯಕ. ಮಗ ಮಾತ್ರ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ, ಮನೆಯಂಗಳದಲ್ಲೇ ಹಳೆಯ ಕಾರು ಬಿಚ್ಚಿ ಓಟದ ಗಾಡಿ ಮಾಡುವ ಹುಡುಗರೊಡನೆ ಬೆರೆತ. ಹತ್ತೊಂಬತ್ತನೇ ವಯಸ್ಸಿಗೆ ತಾನೇ ಕಟ್ಟಿದ ಕಾರನ್ನು ಬಾನೆವಿಲ್‌ನ ಉಪ್ಪಿನ ಬಯಲಿಗೆ ಒಯ್ದು ಗಂಟೆಗೆ 138 ಮೈಲಿ ಓಡಿಸಿದ. 1967ರ ಲ ಮಾನ್ 24 ಗಂಟೆ ಓಟಕ್ಕೆ ಫೋರ್ಡ್ ಕಂಪನಿ ಸಿದ್ಧಪಡಿಸಿದ್ದ ಕಾರಿನೊಳಗೆ ಹೆಲ್ಮೆಟ್ ತೊಟ್ಟ ಇವನ ತಲೆ ಹಿಡಿಸಲಿಲ್ಲ. ಛಾವಣಿಯಲ್ಲಿ ಬೋಗುಣಿಯಂಥ ಒಂದು ಉಬ್ಬು ಎಬ್ಬಿಸಬೇಕಾಯಿತು. ನೋಡಲು ಅಂದವಿರಲಿಲ್ಲ. ಆದರೆ ಎ. ಜೆ. ಫಾಯ್ಟ್ ಜೊತೆಗೂಡಿ ಗರ್ನಿ ಆ ಓಟವನ್ನು ಗೆದ್ದ, ಉಬ್ಬಿಗೆ ಅವನ ಹೆಸರೇ ಅಂಟಿಕೊಂಡಿತು. ಅವನ ಹೆಸರು ಹೊತ್ತ ಇನ್ನೊಂದು ಭಾಗ, ಅದಕ್ಕಿಂತ ಎಷ್ಟೋ ಚಿಕ್ಕದು, ಫೀನಿಕ್ಸ್‌ನಲ್ಲಿ ಕಾದಿತ್ತು.

ಮೂರನೆಯ ದಿನದ ಹೊತ್ತಿಗೆ ಎಲ್ಲರ ಮುಖ ಸಪ್ಪೆಯಾಗಿತ್ತು. ಇದ್ದಬದ್ದ ಹೊಂದಾಣಿಕೆಗಳೆಲ್ಲ ಮುಗಿದಿದ್ದವು. ತಾಳ್ಮೆ ಕಳೆದುಕೊಂಡ ಅನ್ಸರ್ ನೇರವಾಗಿ ಒಡೆಯನಿಗೇ ಸವಾಲು ಹಾಕಿದ: ಏನಾದರೂ ಯೋಚಿಸು, ಈ ಕಾರು ಹೀಗೆ ಓಡಲಾರದು. ಗರ್ನಿ ಒಂದಷ್ಟು ಹೊತ್ತು ಸುಮ್ಮನಿದ್ದ. ಐವತ್ತು, ಅರವತ್ತರ ದಶಕಗಳಲ್ಲಿ ಕಾರುಗಳ ಹಿಂಬದಿಯ ಮೇಲೆ ಗಿಡ್ಡ ಪಟ್ಟಿಗಳನ್ನು ನಿಲ್ಲಿಸಿ ಮಾಡಿದ್ದ ಪ್ರಯೋಗಗಳು ನೆನಪಾದವು. ಕಾರಿನ ಬೆನ್ನಿಗೆ ಒಗ್ಗಿದ್ದು, ಕಾರನ್ನು ನೆಲಕ್ಕೊತ್ತುವ ಹಿಂದಿನ ರೆಕ್ಕೆಗೂ ಒಗ್ಗಬಾರದೇಕೆ?

ಓದಿದವರು ಕೇಳಿದ್ದರೆ ಅಲ್ಲೇ ತಡೆಯುತ್ತಿದ್ದರು. ರೆಕ್ಕೆಯ ಹಿಂಅಂಚು ಚೂರಿಯಂತೆ ಚೂಪಾಗಿರಬೇಕು, ಗಾಳಿ ಅಲ್ಲಿಂದ ನಯವಾಗಿ ಕಳಚಿಕೊಳ್ಳಬೇಕು ಎಂಬುದು ವಿಮಾನಶಾಸ್ತ್ರದ ಮೊದಲ ಪಾಠ. ಅಲ್ಲಿ ಗೋಡೆ ಕಟ್ಟುವುದೆಂದರೆ ನೀರು ಹರಿಯುವ ಬಚ್ಚಲ ಬಾಯಿಗೆ ಕಲ್ಲಿಟ್ಟಂತೆ. ಆದರೆ ಪಿಟ್‌ನಲ್ಲಿ ಗಾಳಿ ಹರಿಸಿ ಪರೀಕ್ಷಿಸುವ ವಿಂಡ್ ಟನಲ್ ಇರಲಿಲ್ಲ, ಇದ್ದದ್ದು ತಗಡು. ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಲಂಬಕೋನಕ್ಕೆ ಮಡಿಸಿ, ರೆಕ್ಕೆಯ ಹಿಂಅಂಚಿನುದ್ದಕ್ಕೂ ನೆಟ್ಟಗೆ ನಿಲ್ಲುವಂತೆ ಬಿಗಿದರು. ಒಟ್ಟು ನಲವತ್ತೈದು ನಿಮಿಷ. ವೈಸ್, ಸುತ್ತಿಗೆ, ಡ್ರಿಲ್ ಇರುವ ಯಾವ ಮನೆಯ ಗ್ಯಾರೇಜಿನಲ್ಲೂ ಆಗಬಹುದಾದ ಕೆಲಸ.

ಅನ್ಸರ್ ಮತ್ತೆ ಹೊರಟ. ಗರ್ನಿ ವಾಚಿನ ಗುಂಡಿ ಒತ್ತಿದ. ಒಂದು ಸುತ್ತು, ಇನ್ನೊಂದು ಸುತ್ತು. ವೇಗ ಮೊದಲಿದ್ದಷ್ಟೇ. ಅಂಕಿಗಳು ಹೇಳಿದ್ದು ಒಂದೇ ಮಾತು: ಮುಕ್ಕಾಲು ಗಂಟೆ ದಂಡ.

ಕತೆ ಅಲ್ಲಿಗೇ ಮುಗಿದುಹೋಗಬಹುದಿತ್ತು. ತಗಡು ಬಿಚ್ಚಿ ಮೂಲೆಗೆಸೆದು, ಕಾರನ್ನು ಲಾರಿಗೆ ಹತ್ತಿಸಿ ಮನೆಗೆ ಹೊರಡುವುದಷ್ಟೇ ಬಾಕಿ. ಆದರೆ ಪಿಟ್‌ಗೆ ಬಂದ ಅನ್ಸರ್ ಗೊಣಗಲಿಲ್ಲ. ಹತ್ತಿರ ಕರೆದು ಪಿಸುದನಿಯಲ್ಲಿ ಹೇಳಿದ ಸುದ್ದಿ ಬೇರೆಯೇ ಆಗಿತ್ತು. ಕಾರು ನಿಧಾನವಾಗಿದ್ದುದು ಹಿಡಿತ ಸಾಲದೆ ಅಲ್ಲ, ಹಿಡಿತ ಅತಿಯಾಗಿ. ಹಿಂದಿನ ಚಕ್ರಗಳು ನೆಲಕ್ಕೆ ಅಂಟು ಹಾಕಿದಂತೆ ಕಚ್ಚಿಕೊಂಡಿದ್ದವು. ಮುಂದಿನವಕ್ಕೆ ಅಷ್ಟು ಬಲವಿರಲಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಎಷ್ಟು ಎಳೆದರೂ ಮೂಗು ಹೊರಗೋಡೆಯ ಕಡೆಗೇ ಜಾರುತ್ತಿತ್ತು. ವಾಚಿಗೆ ಕಾಣದ್ದು ಸೀಟಿನಲ್ಲಿ ಕೂತವನ ಮೈಗೆ ತಿಳಿದಿತ್ತು.

ಮುಂದಿನ ಕೆಲಸ ಸುಲಭದ್ದು. ಮುಂಭಾಗದ ರೆಕ್ಕೆಗಳ ಒತ್ತಡವನ್ನೂ ಹಿಂದಿನದಕ್ಕೆ ಸರಿಗಟ್ಟುವಂತೆ ಏರಿಸಿದ್ದೇ ತಡ, ಮೂರು ದಿನ ಸತಾಯಿಸಿದ ಕಾರು ಬಾಣವಾಯಿತು.

ಕಷ್ಟದ ಕೆಲಸವೆಂದರೆ ಗುಟ್ಟು ಕಾಯುವುದು. ತಗಡು ಬಚ್ಚಿಡುವಂಥದ್ದಲ್ಲ, ರೆಕ್ಕೆಯ ತುದಿಯಲ್ಲಿ ಬಿಸಿಲಿಗೆ ಮಿನುಗುತ್ತ ನಿಂತಿರುತ್ತದೆ. ಏನಿದು ಎಂದು ಕೇಳಿದವರಿಗೆ ಗರ್ನಿಯ ತಂಡ ಕೊಟ್ಟ ಉತ್ತರ ಸೊಗಸಾಗಿತ್ತು: ಕಾರು ತಳ್ಳುವಾಗ ಹುಡುಗರ ಕೈ ಕೊಯ್ಯದಿರಲೆಂದು ಅಂಚನ್ನು ಮೊಂಡು ಮಾಡಿದ್ದೇವೆ! ಇಷ್ಟು ಸಪ್ಪೆಯಾದ ಕಾರಣವನ್ನು ಯಾರು ತಾನೇ ಅನುಮಾನಿಸಿಯಾರು? ಕೆಲವರು ನಕಲು ಮಾಡಿದರು. ಅವರಲ್ಲಿ ಕೆಲವರು ಪಟ್ಟಿಯನ್ನು ರೆಕ್ಕೆಯ ಕೆಳಗೆ ಇಳಿಬಿಟ್ಟರು. ಗರ್ನಿ ಅವರನ್ನು ತಿದ್ದಲು ಹೋಗಲಿಲ್ಲ.

1972ರಲ್ಲಿ ನಿಯಮಗಳು ಸಡಿಲಗೊಂಡು, ಇಂಡಿಯಾನಾಪೊಲಿಸ್‌ನ ಓಟದಲ್ಲಿ ಕಾರಿಗೆ ಪ್ರತ್ಯೇಕ ರೆಕ್ಕೆ ಬಿಗಿಯಲು ಒಪ್ಪಿಗೆ ಸಿಕ್ಕಿತು. ಹಿಂದಿನ ವರ್ಷ ಅಲ್ಲಿ ಮೊದಲ ಸ್ಥಾನಕ್ಕೆ ಅರ್ಹತೆ ತಂದಿದ್ದ ವೇಗ ಗಂಟೆಗೆ 178.696 ಮೈಲಿ. ಗರ್ನಿಯ ಈಗಲ್ ಕಾರಿನಲ್ಲಿ ಅನ್ಸರ್ 195.940 ಮೈಲಿ ಓಡಿಸಿದ. ಒಂದೇ ವರ್ಷದಲ್ಲಿ ಹದಿನೇಳು ಮೈಲಿಯ ಜಿಗಿತ! ಇದೆಲ್ಲ ತಗಡಿನ ಪುಣ್ಯವೆನ್ನುವುದು ಅತಿಶಯ, ರೆಕ್ಕೆಗಳದ್ದೇ ಸಿಂಹಪಾಲು. ಓಟದ ದಿನ ಅದೃಷ್ಟ ಕೈಕೊಟ್ಟಿತು. ಮೂವತ್ತೊಂದನೇ ಸುತ್ತಿಗೆ ಇಗ್ನಿಷನ್ನಿನ ಪುಟ್ಟ ರೋಟರ್ ಮುರಿದು ಅನ್ಸರ್ ಹೊರಬಿದ್ದ. ಒಂದು ಚಿಕ್ಕ ತುಂಡು ಕೊಟ್ಟದ್ದನ್ನು ಇನ್ನೊಂದು ಚಿಕ್ಕ ತುಂಡು ಕಸಿದುಕೊಂಡಿತ್ತು.

ಈ ನಡುವೆ ಗರ್ನಿಗೆ ತಗಡು ಕೆಲಸ ಮಾಡುತ್ತಿದೆ ಎಂಬುದು ಗೊತ್ತಿತ್ತೇ ಹೊರತು ಯಾಕೆ ಎಂಬುದು ಗೊತ್ತಿರಲಿಲ್ಲ. ಡಗ್ಲಸ್ ವಿಮಾನ ಕಂಪನಿಯ ವಿಜ್ಞಾನಿ ರಾಬರ್ಟ್ ಲೀಬೆಕ್‌ಗೆ ವಿಷಯ ತಿಳಿಸಿದ. ರೆಕ್ಕೆಯೊಂದಕ್ಕೆ ಅದರ ಅಗಲದ ನೂರಕ್ಕೆ ಒಂದೂಕಾಲು ಪಾಲಿನಷ್ಟು ಎತ್ತರದ ಪಟ್ಟಿ ಹಚ್ಚಿ ವಿಂಡ್ ಟನಲ್‌ನಲ್ಲಿ ಪರೀಕ್ಷೆಗಿಟ್ಟಾಗ ಬಂದ ಫಲಿತಾಂಶ ಪಾಠಪುಸ್ತಕಕ್ಕೆ ಸಡ್ಡು ಹೊಡೆಯಿತು. ಬಲ ಹೆಚ್ಚಿತ್ತು, ಅದು ಇರಲಿ. ಗೋಡೆ ಕಟ್ಟಿದರೂ ಗಾಳಿಯ ಎಳೆತ ತುಸು ಇಳಿದಿತ್ತು! ಲೀಬೆಕ್ 1978ರ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ. ‘ಗರ್ನಿ ಫ್ಲ್ಯಾಪ್’ ಎಂಬ ಹೆಸರು ವಿಮಾನಶಾಸ್ತ್ರದೊಳಗೆ ಬಂದದ್ದು ಹೀಗೆ. ಪೇಟೆಂಟ್ ಮಾತ್ರ ದಕ್ಕಲಿಲ್ಲ. ಇದನ್ನೇ ಹೋಲುವ ಪುಟ್ಟ ಮಡಚುಪಟ್ಟಿಯನ್ನು ಝಪಾರ್ಕಾ ಎಂಬಾತ 1931ರಲ್ಲೇ ಪೇಟೆಂಟಿಗೆ ಒಳಪಡಿಸಿದ್ದ. ಗರ್ನಿ ಹುಟ್ಟಿದ್ದೂ ಅದೇ ವರ್ಷ.

ತಗಡಿನ ಹಿಂದೆ ಆಗುತ್ತಿದ್ದದ್ದೇನು? ಲೀಬೆಕ್ ಊಹಿಸಿದ್ದನ್ನು 1988ರಲ್ಲಿ ನಾಸಾ ನೀರಿನ ಸುರಂಗದಲ್ಲಿ ಬಣ್ಣ ಹರಿಸಿ ನೋಡಿತು. ಪಟ್ಟಿಯ ಬೆನ್ನಿಗೆ ಎರಡು ಪುಟ್ಟ ಸುಳಿಗಳು ಒಂದಕ್ಕೊಂದು ಎದುರಾಗಿ ಸುತ್ತುತ್ತಿದ್ದವು. ಪಟ್ಟಿಯ ಮುಂದೆ ಗಾಳಿ ತಡೆದು ನಿಂತು ಒತ್ತಡ ಏರುತ್ತಿತ್ತು, ಹಿಂದಿನ ಸುಳಿಗಳು ರೆಕ್ಕೆಯ ಇನ್ನೊಂದು ಮುಖದ ಗಾಳಿಯನ್ನು ತಮ್ಮತ್ತ ಸೆಳೆದು, ಅದು ಮೈಬಿಟ್ಟು ಚದುರದಂತೆ ಹಿಡಿದಿಡುತ್ತಿದ್ದವು. ಹಾಗಾಗಿ ಪಟ್ಟಿ ನಿಲ್ಲಬೇಕಾದದ್ದು ಒತ್ತಡ ಹೆಚ್ಚಿರುವ ಮುಖದಲ್ಲಿ. ಆಕಾಶಕ್ಕೇರುವ ವಿಮಾನದ ರೆಕ್ಕೆಗೆ ಅದು ಕೆಳಮುಖ, ನೆಲಕ್ಕೊತ್ತುವ ರೇಸ್ ಕಾರಿನ ರೆಕ್ಕೆಗೆ ಮೇಲ್ಮುಖ. ಕೆಳಗೆ ಇಳಿಬಿಟ್ಟು ನಕಲು ಮಾಡಿದ್ದವರು ತಮ್ಮ ಕಾರಿನ ಬೆನ್ನನ್ನು ತಾವೇ ಮೇಲಕ್ಕೆ ಎತ್ತುತ್ತಿದ್ದರು.