ನಿಮಗಿದು ಗೊತ್ತೇ? ಒಂದೇ ಜಿಲ್ಲೆ, ಎರಡು ಸೀಮೆ!

ಅತ್ತಿಬೆಲೆ ದಾಟಿದ ಕೂಡಲೇ ಹೊಸೂರು. ಬೆಂಗಳೂರಿನಿಂದ ಬರೀ 40 ಕಿ.ಮೀ. ಅದೇ ಹೊಸೂರಿನಿಂದ ಅದರ ರಾಜ್ಯ ತಮಿಳುನಾಡಿನ ರಾಜಧಾನಿ ಚೆನ್ನೈಗೆ? 300 ಕಿ.ಮೀ.ಗೂ ಹೆಚ್ಚು! ಅಲ್ಲಿರುವುದು ಫ್ಯಾಕ್ಟರಿ, ಲಾರಿ, ಟ್ರಾಫಿಕ್ ಇಷ್ಟೇ ಅಂದುಕೊಂಡಿದ್ದೀರಾ? ಹಾಗಾದರೆ ಸ್ವಲ್ಪ ಕೂತುಕೊಳ್ಳಿ.

ಹೊಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಹೆಚ್ಚುಕಡಿಮೆ ಬೆಂಗಳೂರಿನದೇ ಹವೆ. ಅಲ್ಲಿಂದ ಹೆದ್ದಾರಿ ಹಿಡಿದು ಶೂಲಗಿರಿ ದಾಟಿ ಜಿಲ್ಲಾ ಕೇಂದ್ರ ಕೃಷ್ಣಗಿರಿಗೆ ಹೋಗಿ. ಒಂದೇ ಗಂಟೆಯ ದಾರಿ. ಅಷ್ಟರಲ್ಲಿ ನೀವು ಹತ್ತಿರ ಹತ್ತಿರ 400 ಮೀಟರ್ ಕೆಳಗೆ ಇಳಿದಿರುತ್ತೀರಿ. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಹಾಕಿಕೊಂಡ ಸ್ವೆಟರಿಗೆ ಮಾತ್ರ ಗೊತ್ತಾಗುತ್ತದೆ!

ಈ ಇಳಿಜಾರು ಏನೇನು ಮಾಡಿದೆ ನೋಡಿ. ಮೇಲಿನ ಹೊಸೂರಿನಲ್ಲಿ ಗುಲಾಬಿ. ಕೆಳಗಿನ ಕೃಷ್ಣಗಿರಿಯಲ್ಲಿ ಮಾವು. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಮುಂಚೆ ಹೊಸೂರಿನ ಪಾಲಿಹೌಸುಗಳಿಂದ ‘ತಾಜ್‌ಮಹಲ್’ ಎಂಬ ತಳಿಯ ಕೆಂಪು ಗುಲಾಬಿ ವಿಮಾನ ಹತ್ತುತ್ತದೆ. ಬೇಸಿಗೆ ಬಂದರೆ ಕೃಷ್ಣಗಿರಿಯ ತೋತಾಪುರಿ ಮಾವು ತಿರುಳಾಗಿ, ಡಬ್ಬಿಯೊಳಗೆ ಕೂತು ಹಡಗು ಹತ್ತುತ್ತದೆ. ಜಿಲ್ಲೆ ಒಂದೇ, ಪ್ರಯಾಣ ಎರಡು ಬಗೆ!

ಇತಿಹಾಸವನ್ನೂ ಇದೇ ಇಳಿಜಾರು ಸೀಳಿ ಹಾಕಿದೆ. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತಲ್ಲ, ಆಗ ಟಿಪ್ಪು ಸುಲ್ತಾನ್ ಬಾರಾಮಹಲ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕೆಳಗಿನ ಕೃಷ್ಣಗಿರಿ ಕಂಪನಿಯ ಪಾಲಾಯಿತು. ಮೇಲಿನ ಹೊಸೂರು? ಅದು ಟಿಪ್ಪುವಿನ ಕೈಯಲ್ಲೇ ಉಳಿಯಿತು! 1799ರಲ್ಲಿ ಅವನು ಬೀಳುವವರೆಗೆ, ಅಂದರೆ ಇನ್ನೂ ಏಳು ವರ್ಷ, ಹೊಸೂರು ಮೈಸೂರಿನದು. ಇವತ್ತು ಒಂದೇ ಕಲೆಕ್ಟರ್ ಕಚೇರಿಗೆ ಅರ್ಜಿ ಕೊಡುವ ಈ ಎರಡು ಊರುಗಳು ಆಗ ಎರಡು ಬೇರೆ ಬೇರೆ ದೇಶ!

ಹಾಗಾದರೆ ಗಡಿ ಠಾಣೆ ಎಲ್ಲಿತ್ತು? ರಾಯಕೋಟೆಯಲ್ಲಿ. ಈಗ ಟೊಮೆಟೊ ಮಂಡಿಗೆ ಹೆಸರಾದ ಅದೇ ರಾಯಕೋಟೆ. 1799ರ ಮಾರ್ಚ್ ಮೊದಲ ವಾರದಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಇಲ್ಲಿಂದಲೇ ಮೈಸೂರಿನೊಳಗೆ ಕಾಲಿಟ್ಟಿತು. ಕೆಲಮಂಗಲದ ದಾರಿಯಾಗಿ ಹೋಯಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ದಂಡಿನಲ್ಲಿ ಆರ್ಥರ್ ವೆಲ್ಲೆಸ್ಲಿ ಅಂತ ಒಬ್ಬ ಕರ್ನಲ್ ಇದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ! ವಾಟರ್ಲೂಗೆ ಹೋಗುವ ಮುಂಚೆ ಆಸಾಮಿ ಕೆಲಮಂಗಲ ನೋಡಿದ್ದ.

ಇಂಗ್ಲಿಷರಿಗೆ ಇಲ್ಲಿ ಎಲ್ಲ ಸಲೀಸಾಗಿತ್ತು ಅಂದುಕೊಳ್ಳಬೇಡಿ. 1768ರಲ್ಲಿ ಕರ್ನಲ್ ವುಡ್ ಎಂಬವನು ಹೊಸೂರನ್ನು ಕಾಪಾಡಲು ಹೊರಟ. ಸಾಮಾನು ಸರಂಜಾಮನ್ನೆಲ್ಲ ಪಕ್ಕದ ಬಾಗಲೂರಿನಲ್ಲಿ ಇಟ್ಟ. ಅವನು ಆಚೆ ಹೋದದ್ದೇ ತಡ, ಹೈದರಾಲಿ ಬಾಗಲೂರಿಗೆ ನುಗ್ಗಿದ. ಎರಡು ಭಾರೀ ಫಿರಂಗಿಗಳನ್ನೂ ಸಿಕ್ಕ ಸಾಮಾನನ್ನೂ ಎತ್ತಿಕೊಂಡು ಹೋದ. ಕಾಪಾಡಲು ಬಂದವನ ಗಂಟೇ ಮಾಯ!

ಇನ್ನು ಕೃಷ್ಣಗಿರಿ ಕೋಟೆ. 1791ರ ನವೆಂಬರ್‌ನ ಒಂದು ರಾತ್ರಿ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿ ಲಗ್ಗೆ ಹಾಕಿದ. ಬೆಟ್ಟದ ಬುಡದ ಪೇಟೆ ಸಿಕ್ಕಿತು. ಕೆಳಗಿನ ಕೋಟೆಯೂ ಸಿಕ್ಕಿತು. ಮೇಲಿನದು? ಮೇಲಿದ್ದವರು ಬಂಡೆ ಉರುಳಿಸಿದರು. ಏಣಿಗಳು ಪುಡಿ. ಮ್ಯಾಕ್ಸ್‌ವೆಲ್ ವಾಪಸ್! ಮರುವರ್ಷ ಆ ಕೋಟೆ ಕಂಪನಿಗೆ ಸಿಕ್ಕಿದ್ದು ಕತ್ತಿಯಿಂದಲ್ಲ, ಒಪ್ಪಂದದ ಕಾಗದದಿಂದ. ಈಗ ಆ ಬೆಟ್ಟ ಹತ್ತುವವರು ಏದುಸಿರು ಬಿಡುವಾಗ ಮ್ಯಾಕ್ಸ್‌ವೆಲ್‌ನ ಸಿಪಾಯಿಗಳನ್ನು ಒಂದು ಕ್ಷಣ ನೆನೆಯಬಹುದು.

ಕಾಗದ ಅಂದಕೂಡಲೇ ನೆನಪಾಯಿತು. ರೈತನೊಂದಿಗೇ ನೇರವಾಗಿ ಕಂದಾಯ ಗೊತ್ತುಮಾಡುವ ರಯತವಾರಿ ಪದ್ಧತಿ ಗೊತ್ತಲ್ಲ? ನಮ್ಮ ಪಹಣಿ, ಖಾತೆಗಳ ಅಜ್ಜ ಅನ್ನಬಹುದು. ಕಂಪನಿಯವರು ಅದನ್ನು ಮೊದಲು ಮಾಡಿ ನೋಡಿದ್ದು ಇದೇ ಬಾರಾಮಹಲ್‌ನಲ್ಲಿ! ಅಲೆಕ್ಸಾಂಡರ್ ರೀಡ್ ಎಂಬ ಸೈನಿಕ ಇಲ್ಲಿನ ಆಡಳಿತಗಾರ. ಅವನ ಕೈಕೆಳಗೆ ಥಾಮಸ್ ಮನ್ರೋ ಎಂಬ ಯುವಕ. ಹೊಲ ಹೊಲ ಅಳೆಯುತ್ತಾ ಮನ್ರೋ ಏಳು ವರ್ಷ ಇಲ್ಲಿ ಕಳೆದ. ಆಮೇಲೆ ಎಲ್ಲಿಗೆ ಹೋದ ಗೊತ್ತೇ? ನಮ್ಮ ಕರಾವಳಿಯ ಕೆನರಾಗೆ. ಅಲ್ಲಿಂದ ಬಳ್ಳಾರಿ ಕಡೆಗೆ. ಕೊನೆಗೆ ಮದರಾಸಿನ ಗವರ್ನರ್! ಕೃಷ್ಣಗಿರಿ ಸೀಮೆಯಲ್ಲಿ ಕಲಿತ ಪಾಠವನ್ನು ಕನ್ನಡ ನಾಡಿನ ಅರ್ಧಕ್ಕೆ ಒಪ್ಪಿಸಿದವನು ಈತ.

ಈಗ ಕನ್ನಡಿಗರು ಕಿವಿ ನಿಮಿರಿಸಬೇಕಾದ ಸಂಗತಿ. ಹೊಯ್ಸಳರ ರಾಜಧಾನಿ ಯಾವುದು? ದ್ವಾರಸಮುದ್ರ, ಅಂದರೆ ಹಳೇಬೀಡು. ಸರಿ. ಆದರೆ ಹೊಯ್ಸಳ ದೊರೆಯೊಬ್ಬ ಹೊಸೂರಿನ ಪಕ್ಕದಿಂದಲೂ ಆಳಿದ್ದ! ಊರಿನ ಹೆಸರು ಕುಂದಾಣಿ. ಶೂಲಗಿರಿ ಕಡೆಯ ಹಳ್ಳಿ.

ಕಥೆ ಹೀಗಿದೆ. ಸೋಮೇಶ್ವರನ ಕಾಲದ ಕೊನೆಗೆ, 1254ರ ಸುಮಾರಿಗೆ, ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ದ್ವಾರಸಮುದ್ರ ಮೂರನೇ ನರಸಿಂಹನಿಗೆ. ತಮಿಳು ಸೀಮೆ ರಾಮನಾಥನಿಗೆ. ರಾಮನಾಥ ಮೊದಲು ಇದ್ದದ್ದು ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ. ಪಾಂಡ್ಯರು ಅಲ್ಲಿಂದ ಎಬ್ಬಿಸಿದರು. ಹೊರಟು ಬಂದು ಕುಂದಾಣಿಯಲ್ಲಿ ಕೂತ. ಕೂತವನು ಸುಮ್ಮನಿದ್ದನೇ? ಮಲಸಹೋದರನ ಜತೆ ಜಗಳ! ಕೋಲಾರ, ಬೆಂಗಳೂರು ಸೀಮೆಯಲ್ಲಿ ಈ ರಾಮನಾಥನ ತಮಿಳು ಶಾಸನಗಳು ಸಿಗುತ್ತವೆ. ಕನ್ನಡದ ರಾಜಮನೆತನ, ಕನ್ನಡ ನಾಡಿನ ನೆಲ, ತಮಿಳಿನ ಶಾಸನ. ತಲೆ ತಿರುಗುತ್ತದೆ ಅಲ್ಲವೇ? ಮೂರನೇ ಬಲ್ಲಾಳ ಬಂದು 1300ರ ಹೊತ್ತಿಗೆ ಎರಡನ್ನೂ ಮತ್ತೆ ಒಂದು ಮಾಡಿದ. ಕುಂದಾಣಿಯ ರಾಜಧಾನಿ ಪಟ್ಟ ಅಲ್ಲಿಗೆ ಮುಗಿಯಿತು. ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಕುಂದಾಣಿಗೆ ಯಾರು ಹೋಗುತ್ತಾರೆ ಹೇಳಿ!

ಚನ್ನಪಟ್ಟಣದ ಜಗದೇವರಾಯನ ಹೆಸರು ಕೇಳಿದ್ದೀರಿ. ಅವನ ವಂಶದ ಬೇರು ಕೂಡ ಇಲ್ಲೇ, ಕೃಷ್ಣಗಿರಿ ಬಳಿಯ ಜಗದೇವಿಯಲ್ಲಿ. ಗೊಂಬೆಗಳ ಊರಿಗೂ ಮಾವಿನ ಊರಿಗೂ ಒಬ್ಬನೇ ಒಡೆಯ!

ಇನ್ನೂ ಹಿಂದಕ್ಕೆ ಹೋಗೋಣ. ಬಹಳ ಹಿಂದಕ್ಕೆ. ಶೂಲಗಿರಿ ಹತ್ತಿರ ಮಲ್ಲಚಂದ್ರಂ ಅಂತ ಒಂದು ಊರಿದೆ. ಅಲ್ಲಿನ ಬಂಡೆಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಪುಟ್ಟ ‘ಮನೆ’ಗಳು. ಒಂದಲ್ಲ ಎರಡಲ್ಲ, ನೂರಾರು! ವಾಸಕ್ಕೆ ಕಟ್ಟಿದವಲ್ಲ. ಇವು ಬೃಹತ್ ಶಿಲಾಯುಗದ ಸಮಾಧಿಗಳು. ನಮ್ಮ ಕಡೆ ಇಂಥವನ್ನು ಮೋರಿಯರ ಮನೆ ಅನ್ನುತ್ತೇವೆ.

ಅದಕ್ಕಿಂತಲೂ ದೊಡ್ಡ ಸುದ್ದಿ ಮಯಿಲಾಡುಂಪಾರೈಯದು. ಇದು ಬರಗೂರು ಕಡೆಯ ಹಳ್ಳಿ. ಇಲ್ಲಿ ಅಗೆದಾಗ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 2172! ಅಂದರೆ 4,200 ವರ್ಷದ ಹಳೆಯದು. 2022ರ ಮೇ ತಿಂಗಳಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ವಿಧಾನಸಭೆಯಲ್ಲೇ ನಿಂತು ಇದನ್ನು ಪ್ರಕಟಿಸಿದರು. ಆದರೆ ದಾಖಲೆ ಬಹಳ ದಿನ ಬಾಳಲಿಲ್ಲ. 2025ರ ಜನವರಿಯಲ್ಲಿ ತೂತುಕುಡಿ ಜಿಲ್ಲೆಯ ಶಿವಗಳೈ ಇನ್ನೂ ಹಳೆಯ ಕಾಲಮಾನ ತೋರಿಸಿ ಮೊದಲ ಸ್ಥಾನ ಕಸಿದುಕೊಂಡಿತು. ಇರಲಿ, ಎರಡೂವರೆ ವರ್ಷ ನಮ್ಮ ಪಕ್ಕದ ಹಳ್ಳಿ ರಾಜ್ಯಕ್ಕೇ ಮೊದಲು!

ಹೀಗೆ ಕಬ್ಬಿಣದಿಂದ ದಿಢೀರನೆ ಹೆಸರು ಮಾಡಿದ ಇನ್ನೊಂದು ಹಳ್ಳಿ ಪಶ್ಚಿಮ ಆಫ್ರಿಕಾದ ನೈಜೀರಿಯಾದಲ್ಲಿದೆ. ಹೆಸರು ನೋಕ್. 1928ರಲ್ಲಿ ಅಲ್ಲಿ ತವರದ ಗಣಿ ಅಗೆಯುವವರಿಗೆ ಸುಟ್ಟ ಮಣ್ಣಿನ ಬೊಂಬೆಗಳು ಸಿಕ್ಕವು. ಆ ಬೊಂಬೆ ಮಾಡಿದ ಜನ ಎರಡೂವರೆ ಸಾವಿರ ವರ್ಷದ ಹಿಂದೆಯೇ ಕಬ್ಬಿಣ ಕರಗಿಸುತ್ತಿದ್ದರು!

ಪಶ್ಚಿಮ ಆಫ್ರಿಕಾ ದೂರದ್ದು ಅನಿಸಿತೇ? ನಿಮ್ಮ ತಟ್ಟೆ ನೋಡಿಕೊಳ್ಳಿ. ಡೆಂಕಣಿಕೋಟೆ, ತಳಿ ಕಡೆ ಮುದ್ದೆಗೆ ಅಲಸಂದೆ ಸಾರು ಮಾಡುತ್ತಾರಲ್ಲ, ಆ ಅಲಸಂದೆಯನ್ನು ಮೊದಲು ಬೆಳೆಗೆ ಒಗ್ಗಿಸಿದ್ದು ಪಶ್ಚಿಮ ಆಫ್ರಿಕಾದ ರೈತರು! ಸಜ್ಜೆಯೂ ಅಲ್ಲಿಯದೇ. ಮಾಲಿ ದೇಶದಲ್ಲಿ ಸುಮಾರು 4,500 ವರ್ಷ ಹಳೆಯ ಸಜ್ಜೆಯ ಗುರುತು ಸಿಕ್ಕಿದೆ. ಮುದ್ದೆಯ ರಾಗಿ ಮಾತ್ರ ಆಫ್ರಿಕಾದ ಆಚೆ ಬದಿ, ಪೂರ್ವದ ಎತ್ತರದ ನಾಡಿನಿಂದ ಬಂದದ್ದು. ತಟ್ಟೆಯಲ್ಲಿ ಇಡೀ ಖಂಡ ಸೇರಿಬಿಟ್ಟಿದೆ!

ಇನ್ನೊಂದು ಲೆಕ್ಕ. ಕೃಷ್ಣಗಿರಿ ಜಿಲ್ಲೆ 5,100 ಚದರ ಕಿ.ಮೀ.ಗಿಂತ ಸ್ವಲ್ಪ ದೊಡ್ಡದು. ಪಶ್ಚಿಮ ಆಫ್ರಿಕಾದ ಗಾಂಬಿಯಾ ಎಂಬ ಸ್ವತಂತ್ರ ದೇಶ ಸುಮಾರು 11,300. ಎರಡು ಕೃಷ್ಣಗಿರಿ ಸೇರಿಸಿ, ಮೇಲೆ ಚೂರು ಹಾಕಿದರೆ ಒಂದು ದೇಶ ತಯಾರು! ಆ ದೇಶದ ಆಕಾರವಂತೂ ಇನ್ನೂ ಮಜಾ. ಒಂದು ನದಿ, ಅದರ ಎರಡು ದಡ, ಅಷ್ಟೇ ದೇಶ. ತೀರಾ ಅಗಲ ಇರುವಲ್ಲೂ 50 ಕಿ.ಮೀ. ದಾಟುವುದಿಲ್ಲ. ಸಮುದ್ರದ ಬದಿ ಬಿಟ್ಟರೆ ಸುತ್ತಲೂ ಸೆನೆಗಲ್!

ಇಲ್ಲಿಯೂ ನದಿಯ ಕಥೆ ಇದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಪಕ್ಕ ಕೆಲವರಪಳ್ಳಿ ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ಇಳಿದು ಕೃಷ್ಣಗಿರಿ ಅಣೆಕಟ್ಟೆ. ಕೊನೆಗೆ ಕಡಲೂರಿನ ಹತ್ತಿರ ಸಮುದ್ರ. ಅದೇ ಬೆಟ್ಟಸಾಲಿನ ಉತ್ತರ ಪಿನಾಕಿನಿ ಬೆನ್ನು ತಿರುಗಿಸಿ ನೆಲ್ಲೂರಿಗೆ ಹೋಗುತ್ತದೆ. ಬೆಂಗಳೂರಿನ ಕೊಳಚೆ ಸೇರಿ ಕೆಲವರಪಳ್ಳಿಯಲ್ಲಿ ಬಿಳಿ ನೊರೆ ಉಕ್ಕುವುದೂ ಉಂಟು. ನೋಡಲು ಹಿಮದ ಹಾಗೆ. ಮುಟ್ಟಬೇಡಿ!

ಕಾವೇರಿ ಜಗಳದಲ್ಲಿ ‘ಬಿಳಿಗುಂಡ್ಲು’ ಎಂಬ ಹೆಸರು ಎಷ್ಟು ಸಲ ಕೇಳಿಲ್ಲ ನೀವು? ಕರ್ನಾಟಕ ಎಷ್ಟು ನೀರು ಬಿಟ್ಟಿತು ಅಂತ ಕೇಂದ್ರ ಜಲ ಆಯೋಗ ಅಳೆಯುವುದು ಅಲ್ಲೇ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿ ಲೆಕ್ಕವೂ ಅಲ್ಲಿಯದೇ. ಆ ಬಿಳಿಗುಂಡ್ಲು ಇರುವುದು ಕೃಷ್ಣಗಿರಿ ಜಿಲ್ಲೆಯ ಗಡಿಯಲ್ಲಿ, ಅಂಚೆಟ್ಟಿ ಕಡೆಯ ಕಾಡಿನಲ್ಲಿ! ಎರಡು ರಾಜ್ಯಗಳ ಬಿಪಿ ಏರಿಸುವ ಊರಿನ ಸುತ್ತ ಆನೆಗಳು ಆರಾಮವಾಗಿ ಓಡಾಡಿಕೊಂಡಿವೆ.

ರಾಜಾಜಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, 1878ರ ಡಿಸೆಂಬರ್ 10ರಂದು. ಓದಿದ್ದು ಹೊಸೂರು ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಏರಿದ್ದು ಭಾರತದ ಗವರ್ನರ್ ಜನರಲ್ ಪದವಿಗೆ. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ, ಕೊನೆಯವರೂ ಅವರೇ! ಮದರಾಸಿನ ಪ್ರಧಾನಿಯಾಗಿ 1937ರ ಅಕ್ಟೋಬರ್ 1ರಂದು ಅವರು ಪಾನನಿಷೇಧ ತಂದದ್ದು ಮೊದಲು ಸೇಲಂ ಜಿಲ್ಲೆಗೆ. ಹೊಸೂರು ಆಗ ಸೇಲಂನಲ್ಲೇ ಇತ್ತು. ಅಂದರೆ ಅವರ ತವರೂರೇ ಮೊದಲು ಒಣಗಿತು! ನಾಲ್ಕು ಹೆಜ್ಜೆ ಆಚೆಯ ಅತ್ತಿಬೆಲೆ ಮೈಸೂರು ಸಂಸ್ಥಾನ. ಅಲ್ಲಿ ಮದರಾಸಿನ ಕಾನೂನು ನಡೆಯುತ್ತಿರಲಿಲ್ಲ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಹೊಸೂರಿನಲ್ಲಿ ಬ್ರೆಟ್ ಎಂಬ ಇಂಗ್ಲಿಷ್ ಕಲೆಕ್ಟರ್ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಬಂಗಲೆ ಕಟ್ಟಿಸಿದ. ಮದುವೆಯಾಗುವ ಹುಡುಗಿಯನ್ನು ಒಲಿಸಲು ಅಂತ ಊರವರ ಕಥೆ. ತಮಾಷೆ ಏನೆಂದರೆ, ಇಂಗ್ಲೆಂಡಿನ ಮೂಲ ಕೋಟೆ ಅದಕ್ಕೆ ಇನ್ನೂರು ವರ್ಷ ಮೊದಲೇ ಪಾಳುಬಿದ್ದಿತ್ತು. ಈಗ ನಕಲೂ ಪಾಳು!

ಹೊಸೂರಿನ ಸರ್ಕಾರಿ ಜಾನುವಾರು ಫಾರಂ ಶುರುವಾದದ್ದು 1824ರಲ್ಲಿ, ದನಕ್ಕಲ್ಲ, ಕಂಪನಿಯ ಸೈನ್ಯದ ಕುದುರೆಗಳಿಗೆ. ವಿಸ್ತಾರ 1,600 ಎಕರೆಗೂ ಮಿಕ್ಕಿ! ಕುದುರೆ ಹೋಗಿ ಚಕ್ರ ಬಂತು. ಗಂಡ, ಹೆಂಡತಿ, ಮಗು, ಅಕ್ಕಿಮೂಟೆ ಎಲ್ಲವನ್ನೂ ಹೊತ್ತ ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ಹೊಸೂರಿನಿಂದಲೇ. ಅದೇ ಕಂಪನಿಯ ಬೈಕುಗಳು ಈಗ ಆಫ್ರಿಕಾದ ಊರೂರಲ್ಲಿ ಟ್ಯಾಕ್ಸಿಯಾಗಿ ಓಡುತ್ತಿವೆ. ಅಲಸಂದೆಯ ಸಾಲ ತೀರಿತು ಅನ್ನೋಣವೇ! ಹೊಸೂರಿನ ಟೈಟನ್ 2002ರಲ್ಲಿ ಒಂದು ಗಡಿಯಾರ ತಂದಿತು. ಹೆಸರು ಎಡ್ಜ್, ದಪ್ಪ ಬರೀ 3.5 ಮಿಲಿಮೀಟರ್. ಒಳಗಿನ ಯಂತ್ರ? 1.15 ಮಿಲಿಮೀಟರ್!

ಕಡೆಯದಾಗಿ ಒಂದು. ಕೃಷ್ಣಗಿರಿ 2004ರ ಫೆಬ್ರವರಿ 9ರಂದು ಧರ್ಮಪುರಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ 44, ದಿಲ್ಲಿಯಿಂದ ಚೆನ್ನೈಗೆ ಹೋಗುವ ಹೆದ್ದಾರಿ 48, ಎರಡೂ ಈ ಊರಿಗೆ ಬಂದೇ ಕವಲೊಡೆಯುತ್ತವೆ. ಇಷ್ಟು ದೊಡ್ಡ ಜಂಕ್ಷನ್‌ಗೆ ರೈಲು? ಇಲ್ಲ! ಇತ್ತು, ಹೋಯಿತು. 20ನೇ ಶತಮಾನದ ಆರಂಭದಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ ಪುಟ್ಟ ನ್ಯಾರೋ ಗೇಜ್ ರೈಲು ಬರುತ್ತಿತ್ತು. ಬರಗಾಲದಲ್ಲಿ ಜನರಿಗೆ ಧಾನ್ಯ ಮುಟ್ಟಿಸಲು ಹಾಕಿದ ಹಳಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಮುಚ್ಚಿ, ಹಳಿ ಕಿತ್ತರು. ಮೊಮ್ಮಕ್ಕಳಿಗೆ ‘ನಮ್ಮೂರಿಗೆ ಮುಂಚೆ ರೈಲು ಬರುತ್ತಿತ್ತು’ ಅಂತ ಹೇಳುವ ಜಿಲ್ಲಾ ಕೇಂದ್ರ ಇನ್ನೆಲ್ಲಾದರೂ ಇದ್ದರೆ ತಿಳಿಸಿ!