ಬಿಡದೆ ಕಾಡುವ ಚಿಂತೆ

ಖೋಲಿಯ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ತಂಗಿಯ ಮದುವೆ, ತಪ್ಪಿಹೋದ ಲೋಕಲ್ ಗಾಡಿ, ಸಾಹೇಬರ ಸಿಡಿಮಿಡಿ: ಮುಂಬಯಿಯಲ್ಲಿ ದುಡಿದು ಬದುಕುವ ನಮ್ಮವರು ಚಿಂತೆಯ ಕಾರಣವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಇಂತಹ ಚಿಂತೆ ರೋಗವಲ್ಲ. ಬಾಡಿಗೆ ಕೊಟ್ಟ ದಿನ ಬಾಡಿಗೆಯ ಚಿಂತೆ ತೀರುತ್ತದೆ. ಆದರೆ ಕೆಲವರಿಗೆ ಹಾಗಾಗುವುದಿಲ್ಲ. ಬಾಡಿಗೆ ತೀರಿದ ಜಾಗಕ್ಕೆ ತಂದೆಯ ಆರೋಗ್ಯ ಬಂದು ಕೂರುತ್ತದೆ. ಊರಿನಿಂದ ‘ಎಲ್ಲರೂ ಕ್ಷೇಮ’ ಎಂದು ಫೋನು ಬಂದರೆ, ಕೆಲಸ ಹೋದರೇನು ಗತಿ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಕಾರಣ ಬದಲಾಗುತ್ತದೆ, ಕಳವಳ ಮಾತ್ರ ಹಾಗೆಯೇ ಇರುತ್ತದೆ.

ಹೀಗೆ ಆರು ತಿಂಗಳಿಗೂ ಮಿಕ್ಕಿ, ಹೆಚ್ಚಿನ ದಿನಗಳಲ್ಲಿ ಹಿಡಿತಕ್ಕೆ ಸಿಗದ ಚಿಂತೆ ನಿದ್ದೆಯನ್ನೂ ಕೆಲಸವನ್ನೂ ಕೆಡಿಸತೊಡಗಿದರೆ ವೈದ್ಯರು ಅದನ್ನು ‘ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಬೇರೆಯ ಹೆಸರೂ ಸ್ಥಾನವೂ ದೊರೆತದ್ದು ೧೯೮೦ರಲ್ಲಿ. ನಾವು ಇಲ್ಲಿ ಆತಂಕರೋಗವೆಂದೇ ಕರೆಯೋಣ.

ಈ ರೋಗ ಬಹಳಷ್ಟು ಸಲ ಮೈಯ ಬೇನೆಯ ವೇಷದಲ್ಲಿ ಬರುತ್ತದೆ. ಎದೆ ಡವಡವ, ಹೊಟ್ಟೆಯಲ್ಲಿ ತಳಮಳ, ಕುತ್ತಿಗೆ ಭುಜಗಳಲ್ಲಿ ಬಿಗಿತ, ಅಂಗೈ ಬೆವರು, ಸಣ್ಣ ಮಾತಿಗೂ ಸಿಟ್ಟು. ನಾಯಿ ಅಟ್ಟಿಸಿಕೊಂಡು ಬಂದಾಗ ಓಡುವುದಕ್ಕೆ ನಮ್ಮ ದೇಹ ಸಿದ್ಧವಾಗುವ ಕ್ರಮವೇ ಇದು. ಆತಂಕರೋಗದಲ್ಲಿ ನಾಯಿ ಇರುವುದಿಲ್ಲ, ಸಿದ್ಧತೆ ಮಾತ್ರ ದಿನವಿಡೀ ನಡೆದಿರುತ್ತದೆ. ಮೈ ದಣಿಯದೆ ಏನು ಮಾಡೀತು?

ಅದರ ಮೇಲೆ ಭಾಷೆಯ ತೊಡಕೊಂದಿದೆ. ‘ಜೀವ ತಳಮಳಿಸುತ್ತದೆ’ ಎಂದು ಕನ್ನಡದಲ್ಲಿ ಹೇಳಬಲ್ಲವನು ಹಿಂದಿಯಲ್ಲಿ ‘ಟೆನ್ಶನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ, ಇಲ್ಲವೇ ಹೊಟ್ಟೆ ಮುಟ್ಟಿ ತೋರಿಸುತ್ತಾನೆ. ಅಸಿಡಿಟಿಯ ಗುಳಿಗೆ ಕೈಗೆ ಬರುತ್ತದೆ. ‘ಘಬರಾಹಟ್’ ಎಂಬ ಮಾತು ಗೊತ್ತಿದ್ದರೆ ಅರ್ಧ ಕೆಲಸವಾದಂತೆ. ಎದೆನೋವು ಹೊಸದಾಗಿ ಬಂದಿದ್ದರೆ ಮೊದಲು ಹೃದಯವನ್ನೇ ಪರೀಕ್ಷಿಸಬೇಕು. ಥೈರಾಯಿಡ್ ಹೆಚ್ಚಾದರೂ ಇವೇ ಲಕ್ಷಣಗಳು ಕಾಣುವುದರಿಂದ ರಕ್ತಪರೀಕ್ಷೆಯೂ ಬೇಕಾಗಬಹುದು. ಹೋಟೆಲಿನಲ್ಲಿ ದುಡಿಯುವವರು ದಿನಕ್ಕೆ ಎಷ್ಟು ಕಪ್ ಚಹಾ ಕುಡಿಯುತ್ತೇವೆಂದು ಒಮ್ಮೆ ಎಣಿಸಿ ನೋಡುವುದೂ ಒಳ್ಳೆಯದು.

ಚಿಕಿತ್ಸೆ ಎರಡು ಬಗೆಯದು. ಒಂದು, ಮಾತಿನ ಚಿಕಿತ್ಸೆ. ಗಲ್ಲೆಯ ಮೇಲೆ ಕೂರುವ ಒಬ್ಬರು ಲೆಕ್ಕ ತಪ್ಪೀತೆಂಬ ಭಯದಿಂದ ರಾತ್ರಿ ಐದು ಸಲ ಹಣ ಎಣಿಸುತ್ತಾರೆಂದು ಇಟ್ಟುಕೊಳ್ಳಿ. ಒಂದೇ ಸಲ ಎಣಿಸಿ ಮನೆಗೆ ಹೋಗಿ, ಏನಾದೀತೆಂದು ಹೆದರಿದಿರಿ, ನಿಜವಾಗಿ ಏನಾಯಿತು ಎರಡನ್ನೂ ಬರೆದಿಡಿ ಎಂದು ಚಿಕಿತ್ಸಕರು ಹೇಳುತ್ತಾರೆ. ವಾರಗಟ್ಟಲೆ ಹೀಗೆ ಬರೆದ ಪುಸ್ತಕವೇ ಭಯಕ್ಕೆ ಉತ್ತರ ಕೊಡತೊಡಗುತ್ತದೆ.

ಇನ್ನೊಂದು, ಔಷಧ. ಸರ್ಟ್ರಲೀನ್, ಎಸ್ಸಿಟಾಲೋಪ್ರಾಮ್ ಮೊದಲಾದ ಗುಳಿಗೆಗಳು ಗುಣ ತೋರಲು ಕೆಲವು ವಾರಗಳೇ ಬೇಕು. ಮೊದಲ ವಾರ ಕಳವಳ ತುಸು ಹೆಚ್ಚಿದಂತೆಯೂ ಅನ್ನಿಸಬಹುದು. ಬಹಳ ಮಂದಿ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಬೇಕು. ಆಲ್ಪ್ರಾಜೋಲಾಮ್ ಜಾತಿಯ ಗುಳಿಗೆ ಬೇರೆಯದು. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಆದರೆ ಚಟ ಹಿಡಿಸುತ್ತದೆ. ಗೆಳೆಯನ ಚೀಟಿ ತೋರಿಸಿ ಅದನ್ನು ಕೊಳ್ಳುವುದು ಬೇಡ. ಸಂಜೆಯ ಮದ್ಯದ ಕತೆಯೂ ಇದೇ: ರಾತ್ರಿ ನಿದ್ದೆ, ಬೆಳಿಗ್ಗೆ ಇಮ್ಮಡಿ ಕಳವಳ.

ಯೋಗದಿಂದಾಗದೇ ಎಂದು ಕೇಳುವವರಿದ್ದಾರೆ. ನಮ್ಮ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲೇ ಡಾ. ಎನ್. ಎಸ್. ವಾಹಿಯಾ ಅವರೂ ಸಂಗಡಿಗರೂ ಪತಂಜಲಿಯ ಯೋಗವನ್ನು ಮನೋರೋಗಗಳ ಚಿಕಿತ್ಸೆಗೆ ಬಳಸಿ ನೋಡಿ, ೧೯೬೬ರಲ್ಲಿ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಬರೆದರು. ಯೋಗ ಸಹಾಯಕವೆಂದು ನಾವೂ ಒಪ್ಪುತ್ತೇವೆ. ಆದರೆ ಅವರದು ವೈದ್ಯರ ಕಣ್ಣೆದುರು ನಡೆದ ಸಾಧನೆ. ಭಾನುವಾರ ಮಾತ್ರ ಶವಾಸನ ಹಾಕುವುದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದಾಗ, ಆತಂಕ, ಖಿನ್ನತೆಯಂತಹ ಸಾಮಾನ್ಯ ಮನೋರೋಗವಿದ್ದವರಲ್ಲಿ ನೂರಕ್ಕೆ ಸುಮಾರು ೮೫ ಮಂದಿ ಚಿಕಿತ್ಸೆಯಿಲ್ಲದೆಯೇ ಇದ್ದರು. ಮುಂಬಯಿಯಲ್ಲಿರುವವರಿಗಂತೂ ಆಸ್ಪತ್ರೆ ಇಲ್ಲವೆಂಬ ಕಾರಣ ಸಲ್ಲದು. ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಯನಿನ ಲೋಕಮಾನ್ಯ ತಿಲಕ್, ಜುಹುವಿನ ಕೂಪರ್, ಈ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲೆಲ್ಲ ಮನೋವೈದ್ಯ ವಿಭಾಗವಿದೆ. ಅಲ್ಪ ಶುಲ್ಕಕ್ಕೆ ಕೇಸ್ ಪೇಪರ್ ಮಾಡಿಸಿಕೊಂಡು ಸಾಲಿನಲ್ಲಿ ನಿಲ್ಲಬೇಕು, ಅರ್ಧ ದಿನ ಹೋಗುತ್ತದೆ. ದಿನಗೂಲಿಯವರಿಗೆ ಅದು ಸಣ್ಣ ನಷ್ಟವಲ್ಲವೆಂಬುದನ್ನು ಬಲ್ಲೆವು.

ವಿರಾರ್, ಬದ್ಲಾಪುರಗಳಿಂದ ಬರಲಾಗದವರು ಮೊದಲು ೧೪೪೧೬ಕ್ಕೆ ಫೋನು ಮಾಡಬಹುದು. ಇದು ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕೇ ಬೇಡವೆನ್ನಿಸುತ್ತಿದ್ದರೆ ರಜೆಯ ದಿನದವರೆಗೆ ಕಾಯದೆ ಆ ಗಳಿಗೆಯಲ್ಲೇ ಫೋನು ಮಾಡಬೇಕು, ಜೊತೆಯಲ್ಲಿರುವವರಿಗೂ ತಿಳಿಸಬೇಕು.

ಆಸ್ಪತ್ರೆಗೆ ಹೋಗುವವರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು: ಎಷ್ಟು ತಿಂಗಳಾಯಿತು, ರಾತ್ರಿ ಎಷ್ಟು ಗಂಟೆ ನಿದ್ದೆ, ಈವರೆಗೆ ಯಾವ ಯಾವ ಗುಳಿಗೆ ನುಂಗಿದ್ದಾಯಿತು. ಹಿಂದಿ ಮರಾಠಿಯಲ್ಲಿ ಬರೆಯಲು ಬಾರದಿದ್ದರೆ, ಬಲ್ಲ ಗೆಳೆಯರೊಬ್ಬರಿಂದ ಬರೆಸಿಕೊಳ್ಳಬಹುದು.