ಬಿರುಮಳೆಯ ನಾಡಿನ ಮನೆಗಳ ಹೊರಹೊದಿಕೆ

ಫ್ಲಾರಿಡಾದಿಂದ ಟೆಕ್ಸಸ್‌ವರೆಗೆ ಮೆಕ್ಸಿಕೋ ಕೊಲ್ಲಿಯನ್ನು ಬಳಸಿಕೊಂಡಿರುವ ಅಮೆರಿಕದ ಕರಾವಳಿಯಲ್ಲಿ ಅನೇಕ ವಾಸದ ಮನೆಗಳು ಮರದ ಚೌಕಟ್ಟಿನ ಮೇಲೆ ನಿಂತಿವೆ. ಆ ಚೌಕಟ್ಟಿಗೆ ಪ್ಲೈವುಡ್ಡಿನಂಥ ಹಲಗೆಗಳನ್ನು ಜಡಿದು, ಅದರ ಮೇಲೆ ನೀರು ತಡೆಯುವ ತೆಳುಹಾಳೆಯನ್ನು ಹೊದಿಸಿ, ಎಲ್ಲಕ್ಕೂ ಹೊರಗೆ ಬಿಸಿಲು ಮಳೆಗಳಿಗೆ ಮೈಯೊಡ್ಡುವ ಮತ್ತೊಂದು ಪದರವನ್ನು ಕೂರಿಸಲಾಗುತ್ತದೆ. ಸೈಡಿಂಗ್ ಎಂದು ಕರೆಯಲಾಗುವ ಈ ಹೊರಹೊದಿಕೆ ಮನೆಯ ಭಾರವನ್ನು ಹೊರುವುದಿಲ್ಲವಾದರೂ, ಭಾರ ಹೊರುವ ಮರ ಎಷ್ಟು ಕಾಲ ಬಾಳುತ್ತದೆಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಬೇಸಿಗೆಯ ಸೆಕೆ, ವರ್ಷದ ಬಹುಭಾಗ ಆರದ ತೇವ, ಜೂನ್‌ನಿಂದ ನವೆಂಬರ್‌ವರೆಗೆ ಬೆನ್ನು ಬಿಡದ ಚಂಡಮಾರುತಗಳ ಭೀತಿ ಇವು ಮೂರೂ ಕೂಡಿದ ಆ ಸೀಮೆಯಲ್ಲಿ ಯಾವ ಹೊದಿಕೆ ಒಳ್ಳೆಯದೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ವಸ್ತುವಿನ ಗಟ್ಟಿತನವನ್ನು ನೋಡುತ್ತಾರೆ. ನೋಡಬೇಕಾದದ್ದು ಅದಕ್ಕಿಂತ ಮೊದಲು ಆ ಗೋಡೆ ನೆನೆದ ಮೇಲೆ ಹೇಗೆ ಆರುತ್ತದೆ ಎಂಬುದನ್ನು.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 38 ಕಿಲೋಗ್ರಾಂ ತೂಕದಷ್ಟು ಒತ್ತಿದರೆ, 180 ಕಿಲೋಮೀಟರ್ ವೇಗದ ಗಾಳಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 150 ಕಿಲೋಗ್ರಾಂನಷ್ಟು ಒತ್ತುತ್ತದೆ. ಆದರೆ ಹೊದಿಕೆ ಕಿತ್ತುಹೋಗುವುದು ಹೆಚ್ಚಾಗಿ ಗಾಳಿ ನೇರವಾಗಿ ಬಡಿಯುವ ಗೋಡೆಯಲ್ಲಲ್ಲ. ಮೂಲೆಯನ್ನು ಬಳಸಿ ಪಕ್ಕದ ಗೋಡೆಯ ಗುಂಟ ಧಾವಿಸುವ ಗಾಳಿ ಅಲ್ಲಿ ಒತ್ತಡವನ್ನು ತಗ್ಗಿಸಿ ಹಲಗೆಗಳನ್ನು ಹೊರಕ್ಕೆ ಸೆಳೆಯುವುದರಿಂದ, ಮೂಲೆಗಳ ಆಸುಪಾಸಿನಲ್ಲಿಯೇ ಮೊಳೆಗಳು ಮೊದಲು ಸೋಲುತ್ತವೆ.

ಗಾಳಿಗಿಂತ ಸೂಕ್ಷ್ಮವಾದ ಶತ್ರು ನೀರು. ಮಳೆನೀರು ಗೋಡೆಯೊಳಗೆ ಹೋಗಲು ಗೋಡೆಯ ಮೇಲೆ ನೀರು, ಅದರಲ್ಲೊಂದು ಬಿರುಕು, ಆ ಬಿರುಕಿನ ಮೂಲಕ ನೀರನ್ನು ನೂಕುವ ಬಲ ಇವು ಮೂರೂ ಇರಬೇಕೆಂದು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ. ಕೆ. ಗಾರ್ಡನ್ 1963ರಲ್ಲಿ ವಿವರಿಸಿದರು. ಮಳೆಯನ್ನು ತಡೆಯುವಂತಿಲ್ಲ, ಕಿಟಕಿ, ಬಾಗಿಲು, ಮೊಳೆ, ಕೊಳವೆಗಳಿರುವ ಗೋಡೆಯಲ್ಲಿ ಒಂದೂ ಬಿರುಕು ಉಳಿಯದಂತೆ ಮಾಡುವುದೂ ಅಸಾಧ್ಯ, ಆದ್ದರಿಂದ ಉಳಿಯುವ ದಾರಿ ಬಲವನ್ನು ಇಲ್ಲವಾಗಿಸುವುದು. ಬಿರುಗಾಳಿಯಲ್ಲಿ ಆ ಬಲ ಮುಖ್ಯವಾಗಿ ಗೋಡೆಯ ಹೊರಗಿನ ಹೆಚ್ಚಿನ ಒತ್ತಡಕ್ಕೂ ಒಳಗಿನ ಕಡಿಮೆ ಒತ್ತಡಕ್ಕೂ ಇರುವ ಅಂತರ. ಹೊರಹೊದಿಕೆಯನ್ನು ಗೋಡೆಗೆ ಅಂಟಿಸದೆ, ನಡುವೆ ಪಟ್ಟಿಗಳನ್ನು ಕೊಟ್ಟು ಒಂದು ಸೆಂಟಿಮೀಟರಿನಷ್ಟಾದರೂ ತೆರಪು ಬಿಟ್ಟು, ಆ ತೆರಪಿನ ಬಾಯಿಯನ್ನು ಹೊರಗಿನ ಗಾಳಿಗೆ ತೆರೆದರೆ ಹೊದಿಕೆಯ ಎರಡೂ ಬದಿಗಳಲ್ಲಿ ಒತ್ತಡ ಬಹುಮಟ್ಟಿಗೆ ಸಮನಾಗುತ್ತದೆ. ಹಾಗೂ ನುಸುಳಿದ ಹನಿಗಳು ಹಿಂದಿನ ತೆಳುಹಾಳೆಯ ಮೇಲೆ ಇಳಿದು ಬುಡದಿಂದ ಹೊರಬೀಳುತ್ತವೆ, ಉಳಿದ ತೇವವನ್ನು ತೆರಪಿನಲ್ಲಿ ಆಡುವ ಗಾಳಿ ಒಣಗಿಸುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಯ ಹೊರಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಇರಚಲನ್ನು ತಡೆಯುವ ಪದ್ಧತಿಯಲ್ಲಿಯೂ ಇದೇ ತಿಳಿವಳಿಕೆ ಕೆಲಸ ಮಾಡುತ್ತದೆ: ಮಳೆಯ ಹೊಡೆತ ತಟ್ಟಿಗೆ, ಒಣಗಿರುವ ಹೊಣೆ ಅದರ ಹಿಂದಿನ ಗೋಡೆಗೆ.

ಈ ತತ್ತ್ವವನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಉತ್ತರ ಕೆರೊಲಿನಾದ ಕಡಲಂಚಿನ ವಿಲ್ಮಿಂಗ್ಟನ್ ನಗರ ಉದಾಹರಣೆಯಾಗಿದೆ. ಅಲ್ಲಿನ ಮರದ ಚೌಕಟ್ಟಿನ ಮನೆಗಳಿಗೆ ಥರ್ಮೋಕೋಲ್ ಹಲಗೆಗಳನ್ನು ನೇರವಾಗಿ ಅಂಟಿಸಿ, ಮೇಲೆ ಕೃತಕ ಗಾರೆಯ ತೆಳುಲೇಪ ಕೊಡುವ ವಿಧಾನ ಜನಪ್ರಿಯವಾಗಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಪರೀಕ್ಷಿಸಿದಾಗ, ಹೊರಮೈ ಕಲೆಯಿಲ್ಲದೆ ಹೊಳೆಯುತ್ತಿದ್ದ ಅನೇಕ ಮನೆಗಳಲ್ಲಿ ಒಳಗಿನ ಹಲಗೆಗಳು ಕೊಳೆತು ಮೆತ್ತಗಾಗಿದ್ದವು. ಲೇಪವೇನೋ ನೀರನ್ನು ಬಿಡುತ್ತಿರಲಿಲ್ಲ. ಕಿಟಕಿಗಳ ಅಂಚಿನಿಂದ, ಸೂರು ಗೋಡೆ ಸೇರುವೆಡೆಯಿಂದ ಒಳಸೇರಿದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಜಲನಿರೋಧಕವೆಂಬ ಗುಣವೊಂದನ್ನೇ ನಂಬಿ ಹೊದಿಕೆ ಆರಿಸುವವರು ಈ ಪ್ರಕರಣವನ್ನು ಗಮನಿಸುವುದು ಅಗತ್ಯ.

ತೇವದ ಇನ್ನೊಂದು ಮಾರ್ಗ ಕಣ್ಣಿಗೆ ಕಾಣದ ಆವಿಯದು. ಹೊರಗೆ 32 ಡಿಗ್ರಿ ಸೆಲ್ಸಿಯಸ್ ಸೆಕೆಯೂ ಶೇಕಡಾ 75ರಷ್ಟು ಆರ್ದ್ರತೆಯೂ ಇದ್ದರೆ, ಆ ಗಾಳಿ ಸುಮಾರು 27 ಡಿಗ್ರಿಗೆ ತಣಿದೊಡನೆ ಅದರಲ್ಲಿರುವ ಆವಿ ನೀರಾಗತೊಡಗುತ್ತದೆ. ಈ ಉಷ್ಣತೆಗೆ ಇಬ್ಬನಿ ಬಿಂದುವೆಂದು ಹೆಸರು. ಹವಾನಿಯಂತ್ರಣದಿಂದ 24 ಡಿಗ್ರಿಯಲ್ಲಿರುವ ಕೋಣೆಯ ಗೋಡೆಯ ಒಳಮೈ ಈ ಬಿಂದುವಿಗಿಂತ ತಣ್ಣಗಿರುವುದರಿಂದ, ಹೊರಗಿನ ಆವಿ ಒಳಕ್ಕೆ ಸರಿದು ಅಲ್ಲಿ ನೀರಾಗಿ ನಿಲ್ಲುತ್ತದೆ, ಪ್ಲಾಸ್ಟಿಕ್ ಗೋಡೆಕಾಗದ ಅಂಟಿಸಿದ್ದರೆ ಅದರ ಹಿಂದೆ ಬೂಷ್ಟು ಬೆಳೆಯುತ್ತದೆ. ಚಳಿಸೀಮೆಯಲ್ಲಿ ಆವಿ ಒಳಗಿನಿಂದ ಹೊರಕ್ಕೆ ಸಾಗುವುದರಿಂದ ಅಲ್ಲಿ ಗೋಡೆಯ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹಾಕುವ ರೂಢಿಯಿದೆ. ಅದನ್ನೇ ಸೆಕೆಯ ನಾಡಿನಲ್ಲಿ ಅನುಸರಿಸಿದರೆ ಗೋಡೆಯನ್ನು ಕೈಯಾರೆ ಕೊಳೆಸಿದಂತಾಗುತ್ತದೆ.

ಇನ್ನು ವಸ್ತುಗಳ ವಿಚಾರ. ಪಿವಿಸಿಯಿಂದ ತಯಾರಾಗುವ ವಿನೈಲ್ ಹೊದಿಕೆ ಅಗ್ಗ, ಹಗುರ, ಕೊಳೆಯದು. ಅದರ ಹಿಂದೆ ತಾನಾಗಿಯೇ ತೆರಪು ಉಳಿಯುವುದು ದೊಡ್ಡ ಗುಣ. ಆದರೆ ಸುಮಾರು 3.8 ಮೀಟರ್ ಉದ್ದದ ಪಟ್ಟಿ 50 ಡಿಗ್ರಿಯ ಏರಿಳಿತದಲ್ಲಿ 12 ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುವುದರಿಂದ ಅದನ್ನು ಬಿಗಿಯಾಗಿ ಜಡಿಯುವಂತಿಲ್ಲ, ಉದ್ದ ರಂಧ್ರಗಳಲ್ಲಿ ಮೊಳೆಯಿಂದ ಸಡಿಲವಾಗಿ ನೇತುಹಾಕಬೇಕು. ಬಿರುಗಾಳಿಯ ಸೆಳೆತಕ್ಕೆ ಅದು ಬೇಗ ಸಿಕ್ಕಿಬೀಳುವುದೂ ಇದರಿಂದಲೇ. ಮರ ಸುಂದರವಾದರೂ ಅದರ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ ಉಳಿಯದಿದ್ದರೆ ಶಿಲೀಂಧ್ರಗಳ ಭಯ. ಜೊತೆಗೆ ನ್ಯೂ ಆರ್ಲಿಯನ್ಸ್ ಸುತ್ತ ಎರಡನೆಯ ಮಹಾಯುದ್ಧದ ನಂತರ ನೆಲೆಯೂರಿದ ಫಾರ್ಮೋಸಾ ಗೆದ್ದಲಿನ ಕಾಟ ವಿಪರೀತ.

ಫೈಬರ್ ಸಿಮೆಂಟ್ ಹಲಗೆ ಇವೆರಡರ ಕೊರತೆಗಳನ್ನು ಬಹಳಷ್ಟು ನೀಗಿಸುತ್ತದೆ. ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 1901ರಲ್ಲಿ ಪೇಟೆಂಟ್ ಪಡೆದ ಕಲ್ನಾರು ಸಿಮೆಂಟಿನ ತಯಾರಿಕಾ ವಿಧಾನವೇ ಇದರ ಮೂಲ. ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರಿನ ಬದಲು ಈಗ ಮರದ ನಾರನ್ನು ಸಿಮೆಂಟ್ ಮತ್ತು ಮರಳಿನೊಡನೆ ಬೆರೆಸಿ, ಒತ್ತಡದ ಹಬೆಯಲ್ಲಿ ಬೇಯಿಸಿ ಗಟ್ಟಿಗೊಳಿಸಲಾಗುತ್ತದೆ. ಬೆಂಕಿ ಹತ್ತದ, ಗೆದ್ದಲು ಮುಟ್ಟದ, ಬಿಸಿಲಿಗೆ ಹೆಚ್ಚು ಹಿಗ್ಗದ ಈ ಹಲಗೆಯನ್ನು ಬಿಗಿಯಾಗಿ ಜಡಿಯಬಹುದು. ಅದಕ್ಕೂ ನೀರು ಹೀರುವ ಸ್ವಭಾವವಿರುವುದರಿಂದ ಕತ್ತರಿಸಿದ ಅಂಚುಗಳಿಗೆ ಬಣ್ಣ ಹಚ್ಚಬೇಕು, ಬುಡವನ್ನು ನೆಲದಿಂದ ಸುಮಾರು 15 ಸೆಂಟಿಮೀಟರ್ ಮೇಲಿಡಬೇಕು, ಕತ್ತರಿಸುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಉಸಿರಿಗೆ ಸೇರದಂತೆ ಕಾಪಾಡಬೇಕು. ಇಟ್ಟಿಗೆಯ ಹೊರಪದರವೂ ಗಟ್ಟಿಯೇ, ಆದರೆ ನೆನೆದ ಇಟ್ಟಿಗೆಯ ಮೇಲೆ ಬಿಸಿಲು ಬಿದ್ದಾಗ ಆವಿ ಒಳಕ್ಕೆ ನುಗ್ಗುವುದರಿಂದ ಅದರ ಹಿಂದಿನ ತೆರಪಿಗೆ ಗಾಳಿಯಾಡುವ ಕಿಂಡಿಗಳು ಕಡ್ಡಾಯ.

1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾದಲ್ಲಿ ಅಪಾರ ಹಾನಿ ಮಾಡಿದ ಬಳಿಕ ಕಟ್ಟಡ ನಿಯಮಗಳು ಬಿಗಿಯಾಗಿ, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಜಾರಿಗೆ ಬಂದಿತು. ಬಿರುಗಾಳಿಯಲ್ಲಿ ಹಾರಿಬರುವ ವಸ್ತುಗಳ ಹೊಡೆತವನ್ನು ತಾಳುತ್ತದೆಯೇ ಎಂದು ತಿಳಿಯಲು ಮಯಾಮಿ ಪ್ರದೇಶದ ಪರೀಕ್ಷೆಗಳಲ್ಲಿ ಸುಮಾರು 4 ಕಿಲೋಗ್ರಾಂ ತೂಕದ ಮರದ ತುಂಡನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೊಡೆದು ನೋಡಲಾಗುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಮೊಳೆಯನ್ನು ಬಳಸಿದ್ದಾರೆಯೇ, ಮೂಲೆಗಳಲ್ಲಿ ಮೊಳೆಗಳನ್ನು ಹತ್ತಿರ ಹತ್ತಿರ ಜಡಿದಿದ್ದಾರೆಯೇ ಎಂದು ಕಟ್ಟಿಸುವವರೂ ಎಚ್ಚರದಿಂದ ನೋಡಿಕೊಳ್ಳಬೇಕು. ಆ ಹವೆಗೆ ಇಂದು ದೊರೆಯುವವುಗಳಲ್ಲಿ ತೆರಪು ಬಿಟ್ಟು ಜಡಿದ ಫೈಬರ್ ಸಿಮೆಂಟ್ ಹಲಗೆಯೇ ಹೆಚ್ಚು ಭರವಸೆಯದು. ಹ್ಯೂಸ್ಟನ್, ಟ್ಯಾಂಪಾಗಳಲ್ಲಿ ಮನೆ ಕೊಳ್ಳುವ ಕನ್ನಡಿಗರು ಹೊದಿಕೆಯ ಬಣ್ಣವನ್ನು ಮೆಚ್ಚುವ ಮೊದಲು ಅದರ ಬುಡಕ್ಕೆ ಬಾಗಿ, ನೀರು ಹೊರಬರಲು ದಾರಿಯಿದೆಯೇ ಎಂದು ನೋಡಲಿ.